ಅವ್ವನ ಪಾಲಿನ ಡಬ್ಬಿ

ಒಂದೇ ಧಾರಾವಾಹಿಯನ್ನು ನಮ್ಮ ಮನೆಯ ಐದು ಜನ ಐದು ಕಥೆಯಾಗಿ ಕೇಳಿದೆವು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನಡೆದದ್ದು ಹಾಗೇ. ಆಂಧ್ರದ ಗಡಿಯೊಳಗಿನ ಆದೋನಿಯಲ್ಲಿ ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ ಇತ್ತು. ಅಗಲ ಕಡಿಮೆ, ಉದ್ದ ವಿಪರೀತ. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಆಮೇಲೆ ಅಡಿಗೆಮನೆ, ಕೊನೆಗೆ ಹಿತ್ತಲು. ಬಾಗಿಲುಗಳೆಲ್ಲ ಒಂದೇ ಸಾಲಿಗೆ ಬಂದಿದ್ದರಿಂದ ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತರೆ ಪಡಸಾಲೆ ದಾಟಿ ಓಣಿಯಲ್ಲಿ ಹೋಗುವ ಹತ್ತಿ ಲಾರಿಯವರೆಗೂ ಕಣ್ಣು ಹಾಯುತ್ತಿತ್ತು. ಹತ್ತಿಯ ಕಾಲದಲ್ಲಿ ಗಾಳಿಗೆ ಹಾರಿದ ಅರಳೆಯ ಎಳೆಗಳು ಮುಂಬಾಗಿಲಿನಿಂದ ಹೊಕ್ಕು, ಯಾರನ್ನೂ ಮಾತಾಡಿಸದೆ, ನೇರವಾಗಿ ಅವ್ವನ ಒಗ್ಗರಣೆಯ ಬಾಣಲೆಗೆ ಬಂದು ಬೀಳುತ್ತಿದ್ದವು. ಅವ್ವ ಅವನ್ನು ಚಮಚದ ತುದಿಯಿಂದ ಎತ್ತಿ ಎಸೆಯುತ್ತಿದ್ದಳು. ಮನೆಯಲ್ಲಿ ಇದ್ದದ್ದು ನಾವು ಐದು ಜನ. ಹತ್ತಿ ವ್ಯಾಪಾರದ ಅಪ್ಪ, ಅವನ ತಾಯಿ ನಮ್ಮ ಅಜ್ಜಿ, ಅವನ ಅಂಗಡಿಯಲ್ಲೇ ಕೂರುತ್ತಿದ್ದ ಇನ್ನೂ ಮದುವೆಯಾಗದ ತಮ್ಮ ನಮ್ಮ ಕಾಕ, ಹೊಳಗುಂದದಿಂದ ಸೊಸೆಯಾಗಿ ಬಂದ ಅವ್ವ ಶಾಂತಾ, ಮತ್ತು ಒಬ್ಬಳೇ ಮಗಳು ನಾನು, ಗಿರಿಜಾ.

ಅಪ್ಪನಿಗೆ ಒಂದು ಹುಚ್ಚಿತ್ತು. ಹುಚ್ಚು ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು, ಅವನ ಮಾತಿನಲ್ಲಿ ಅದು ನ್ಯಾಯ. ಏನೇ ಬರಲಿ, ಎಲ್ಲರಿಗೂ ಸಮನಾಗಿ ಹಂಚಬೇಕು. ಉರುಕುಂದ ಈರಣ್ಣನ ಪ್ರಸಾದ ಅಂಗೈಯಷ್ಟೇ ಇದ್ದರೂ ಐದು ಪಾಲು ಆಗಲೇಬೇಕು. ಮಾವಿನ ಹಣ್ಣು ಕೊಯ್ದರೆ ವಾಟೆ ಯಾರಿಗೆ ಎಂಬುದಕ್ಕೂ ಸರದಿ. ಊಟಕ್ಕೆ ಕೂತಾಗ ಎಲ್ಲರ ತಟ್ಟೆಗೂ ಎಲ್ಲ ಬಿದ್ದಿದೆಯೇ ಎಂದು ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿ ಆಮೇಲೆಯೇ ಅವನು ರೊಟ್ಟಿ ಮುರಿಯುತ್ತಿದ್ದುದು. ಸಾಲಿನಲ್ಲಿ ಭೇದ ಮಾಡುವುದು ನಮ್ಮ ಮನೆಯಲ್ಲಿ ಕಳ್ಳತನಕ್ಕಿಂತ ದೊಡ್ಡ ಪಾಪ. ಮಾರ್ಕೆಟ್ಟಿನಲ್ಲಿ ಪಾಲುದಾರರ ಜಗಳ ಹತ್ತಿದರೆ ಜನ ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದರು, ಅಪ್ಪ ಹೇಳಿದ್ದನ್ನು ಒಪ್ಪಿಕೊಂಡು ಎದ್ದು ಹೋಗುತ್ತಿದ್ದರು. ಆ ಹೆಸರಿನ ಬಗ್ಗೆ ಅವನಿಗೆ ತುಂಬ ಹೆಮ್ಮೆ. ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ. ಬಡಿಸುವ ಅವ್ವನ ತಟ್ಟೆ ಮಾತ್ರ ಆ ಸಾಲಿನಲ್ಲಿ ಇರುತ್ತಿರಲಿಲ್ಲ. ಅವಳದು ಅವಳು ಆಮೇಲೆ ಬಡಿಸಿಕೊಂಡು ಉಣ್ಣುತ್ತಾಳೆ ಎಂದು ಎಲ್ಲರಿಗೂ ಗೊತ್ತಿತ್ತು, ಪಾತ್ರೆಯಲ್ಲಿ ಏನು ಉಳಿದಿತ್ತು ಎಂದು ಯಾರೂ ಎದ್ದು ಹೋಗಿ ನೋಡಿದವರಲ್ಲ.

ಅಂಥ ಮನೆಗೆ ಕಾಕ ಹೈದರಾಬಾದಿನಿಂದ ಹೋಮ್ ಥಿಯೇಟರ್ ತಂದ. ಒಂದು ಕಪ್ಪು ಯಂತ್ರ, ಐದು ಸಣ್ಣ ಸ್ಪೀಕರು, ಗುಮ್ಮೆನ್ನುವ ಒಂದು ದೊಡ್ಡ ಡಬ್ಬಿ, ಮತ್ತು ಮೊಳಕೈ ಉದ್ದದ ರಿಮೋಟು. ಸ್ಪೀಕರು ಎಂದು ಹೇಳುವ ಅಭ್ಯಾಸ ನಮಗಾಗಲಿಲ್ಲ, ಡಬ್ಬಿ ಎಂದೇ ಕರೆದೆವು. ವೈರು ಎಳೆಯಲು ಬಂದ ಮಾಬು ಐದೂ ಡಬ್ಬಿಗಳನ್ನು ಟಿವಿಯ ಸುತ್ತ ಪಡಸಾಲೆಯಲ್ಲೇ ಇಡಬೇಕು ಎಂದ. ಅಪ್ಪನ ಮುಖ ಬದಲಾಯಿತು.

"ಐದೂ ಪಡಸಾಲ್ಯಾಗ ಇಟ್ರ ಒಳಗಿನೋರು ಏನ್ ಗ್ವಾಡಿ ನೋಡ್ಕೋತ ಕುಂದ್ರಬೇಕೇನು? ಮನ್ಯಾಗ ಐದು ಮಂದಿ ಅದೀವಿ, ಐದು ಡಬ್ಬಿ ಬಂದಾವ. ಇದರಾಗ ತಿಳೀದಂಥದ್ದು ಏನೈತಿ?"

"ಅದಿ ಅಟ್ಲಾ ಕಾದಣ್ಣಾ" ಎಂದ ಮಾಬು, ತೆಲುಗು ಬಿಟ್ಟು ಕನ್ನಡಕ್ಕೆ ಬಂದು. "ಹಂಗ ಹಂಚಾಕ ಬರಂಗಿಲ್ಲ."

"ಯಾಕ ಬರಂಗಿಲ್ಲ? ನಿನಗ ವೈರು ಸಾಲಲ್ದು ಅನ್ನು, ತರಸ್ತೀನಿ."

ವೈರು ಬಂತು, ಮಾಬು ಎಳೆದ. ಪಡಸಾಲೆಯ ಗಾದಿಯ ಪಕ್ಕ ಅಪ್ಪನದು ಒಂದು ಡಬ್ಬಿ. ಪಕ್ಕದ ಕೋಣೆಯಲ್ಲಿ ಕಾಕನದು. ನಡುಮನೆಯಲ್ಲಿ ಅಜ್ಜಿಯ ಮಂಚದ ತಲೆದೆಸೆಗೆ ಒಂದು. ನಾನು ಓದುತ್ತಿದ್ದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ನನ್ನದು. ಅಡಿಗೆಮನೆಯಲ್ಲಿ ಬೇಳೆ ಡಬ್ಬಿಗಳ ಹಲಗೆಯ ಮೇಲೆ ಅವ್ವನದು. ಉಳಿದ ಗುಮ್ಮೆನ್ನುವ ದೊಡ್ಡ ಡಬ್ಬಿಯನ್ನು ಯಾರಿಗೆ ಕೊಟ್ಟರೂ ಭೇದವಾಗುತ್ತದೆಂದು ಅಪ್ಪ ದೇವರ ಜಗಲಿಯ ಕೆಳಗೆ ಇಟ್ಟು, ಇದು ದೇವರ ಪಾಲು ಎಂದ. ಧಾರಾವಾಹಿಯಲ್ಲಿ ಸಿಡಿಲು ಹೊಡೆದರೆ ಜಗಲಿಯ ಮೇಲಿನ ಗಂಟೆ ತಾನಾಗಿಯೇ ನಡುಗುತ್ತಿತ್ತು, ಅಜ್ಜಿ ಮಲಗಿದಲ್ಲಿಂದಲೇ ಕೈ ಮುಗಿಯುತ್ತಿದ್ದಳು.

ಆ ಯಂತ್ರದ ಸ್ವಭಾವ ನಮಗೆ ತಿಳಿದದ್ದು ಬಹಳ ತಡವಾಗಿ. ಓದುವವರು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಅದು ದನಿಯನ್ನು ಅಪ್ಪನ ಹಾಗೆ ಸಮನಾಗಿ ಹಂಚುವುದಿಲ್ಲ. ಹಾಡು, ವಾದ್ಯ ಎಲ್ಲ ಎದುರಿನ ಎಡ ಬಲದ ಡಬ್ಬಿಗೆ. ಮಾತೆಲ್ಲ ನಡುವಿನ ಡಬ್ಬಿಗೆ. ಹಿಂದಿನ ಎರಡಕ್ಕೆ ಬರೀ ಗಾಳಿ, ಮಳೆ, ಹಕ್ಕಿ, ಚಪ್ಪಾಳೆ, ಅದೂ ಯಾವಾಗಲೋ ಒಮ್ಮೆ. ಐದೂ ಒಂದೇ ಕೋಣೆಯಲ್ಲಿದ್ದರೆ ಎಲ್ಲ ಕೂಡಿ ಒಂದು ದನಿಯಾಗುತ್ತದೆ. ನಾವು ಅದನ್ನು ಬೇರೆ ಬೇರೆ ಕೋಣೆಗೆ ಕಳಿಸಿದ್ದೆವು. ಹೀಗಾಗಿ ಅಜ್ಜಿಗೆ ಮಾತೆಲ್ಲ ಸಿಕ್ಕಿತು, ಹಾಡು ಸಿಗಲಿಲ್ಲ. ಕಾಕನಿಗೆ ಪಿಟೀಲು, ತಬಲಾ ಸಿಕ್ಕಿತು, ಅವನಿಗೆ ಬೇಕಾದದ್ದೂ ಅಷ್ಟೇ. ಅಪ್ಪನ ಎದುರಿಗೆ ಟಿವಿಯೇ ಇತ್ತು, ಅದರ ಸ್ವಂತ ದನಿಯೂ ಸಣ್ಣಗೆ ಇತ್ತು, ಅವನಿಗೆ ಯಾವ ಕೊರತೆಯೂ ತಿಳಿಯಲಿಲ್ಲ. ಹಿಂದಿನ ಡಬ್ಬಿಗಳು ಬಂದದ್ದು ನನಗೆ ಮತ್ತು ಅವ್ವನಿಗೆ.

ರಾತ್ರಿ ಊಟಕ್ಕೆ ಕೂತಾಗ ಮಜಾ ಇರುತ್ತಿತ್ತು. ಧಾರಾವಾಹಿ ಮುಗಿಯುವ ಹೊತ್ತಿಗೆ ರೊಟ್ಟಿ ಬಡಿಯುವುದೂ ಮುಗಿದಿರುತ್ತಿತ್ತು, ಅವ್ವ ಪುಂಡಿಪಲ್ಯ ಬಡಿಸುತ್ತ ತನಗೆ ಕೇಳಿಸಿದ್ದರ ಮೇಲೆ ಕಥೆ ಹೇಳುತ್ತಿದ್ದಳು.

"ಇವತ್ತು ಆ ಸಣ್ಣ ಸೊಸಿ ಮನಿ ಬಿಟ್ಟು ಹೋದ್ಲು ನೋಡ್ರಿ. ಕಾಲ್ಗೆಜ್ಜಿ ಸಪ್ಪಳ ಬಂತು, ಬಾಗಲಾ ಬಿತ್ತು, ಆಮ್ಯಾಲೆ ಮಳಿ."

"ಎಲ್ಲಿ ಹೋಗ್ಯಾಳ ಶಾಂತಾ" ಎನ್ನುತ್ತಿದ್ದಳು ಅಜ್ಜಿ. "ಅತ್ತಿ ಕೂಡ ನಕ್ಕೋತ ಮಾತಾಡಿದ್ಲು. ನಾ ಒಂದು ಮಾತು ಬಿಡದಂಗ ಕೇಳೀನಿ."

"ನಕ್ಕಿಲ್ಲ ಬಿಡವ್ವ" ಎನ್ನುತ್ತಿದ್ದ ಕಾಕ. "ಪಿಟೀಲು ಎಂಥಾ ಅಳು ಅತ್ತೈತಿ ಅಂತಿ, ಯಾರೋ ಸತ್ತಾರ."

ಅಪ್ಪ ಚಿತ್ರ ನೋಡಿದವನು, ಅವನೇ ನ್ಯಾಯ ಹೇಳಬೇಕು. ಹೇಳುತ್ತಿದ್ದ. ಸಣ್ಣ ಸೊಸೆ ಮನೆ ಬಿಟ್ಟಿಲ್ಲ, ನೀರಿಗೆ ಹೋಗಿ ಬಂದಳು ಅಷ್ಟೇ. ಎಲ್ಲರೂ ಅವ್ವನನ್ನು ನೋಡಿ ನಗುತ್ತಿದ್ದರು. ಮೊದಮೊದಲು ಅವ್ವನೂ ನಕ್ಕಳು. ಆಮೇಲೆ ಮನೆಯಲ್ಲಿ ಅವಳಿಗೆ ಕಥೆ ಕಟ್ಟುವವಳು ಎಂಬ ಹೆಸರು ಬಿತ್ತು. ಹಾಲಿನವನು ಇವತ್ತು ನೀರು ಹೆಚ್ಚು ಹಾಕಿದ್ದಾನೆ ಎಂದು ಅವಳು ಹೇಳಿದರೂ ಕಾಕ, "ಅತ್ತಿಗಿ, ಇದೂ ಕಟ್ಟಿದ್ದೋ, ಖರೇನೋ" ಎಂದು ಕೇಳತೊಡಗಿದ. ಅದು ಅವನಿಗೆ ತಮಾಷೆ, ಅವ್ವನಿಗೆ ತಮಾಷೆಯಾಗಿ ಉಳಿದಿರಲಿಲ್ಲ. ಅವಳು ಬಡಿಸುವಾಗ ಮಾತು ಕಡಿಮೆ ಮಾಡಿದಳು.

ರಿಮೋಟಿನ ಗತ್ತೇ ಬೇರೆ. ಪ್ಲಾಸ್ಟಿಕ್ ಕವರು ಬಿಗಿದ ಅದು ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕ ಇರುತ್ತಿತ್ತು. ಅದರ ಮೈ ತುಂಬ ಗುಂಡಿಗಳು, ನಮ್ಮ ಬಳಕೆಗೆ ಬಂದವು ಮೂರೇ. ಶುರು ಮಾಡುವ ಕೆಂಪು ಗುಂಡಿ, ದನಿ ಏರಿಸುವುದು, ಇಳಿಸುವುದು. ಕೆಳಗಿನ ಅರ್ಧಕ್ಕೆ ಜಾರುವ ಮುಚ್ಚಳವೊಂದಿತ್ತು, ಅದರ ಕೆಳಗೆ ಇನ್ನೊಂದು ರಾಶಿ ಗುಂಡಿ. ಒಮ್ಮೆ ಕಾಕ ಅದರಲ್ಲೇನೋ ಒತ್ತಿ ಇಡೀ ಮನೆ ಮೂಕಾದ ಮೇಲೆ ಅಪ್ಪ ಆ ಮುಚ್ಚಳ ತೆಗೆಯಬಾರದು ಎಂದು ಕಟ್ಟಪ್ಪಣೆ ಮಾಡಿದ. ಇಂಗ್ಲಿಷ್ ಅಕ್ಷರ ಓದಬಲ್ಲವಳೆಂದು ರಿಮೋಟು ಒತ್ತುವ ಕೆಲಸ ನನಗೆ ಬಂತು. ಐದು ಕೋಣೆಗೂ ದನಿ ಒಂದೇ ಸಲ ಏರುತ್ತದೆ, ಒಂದೇ ಸಲ ಇಳಿಯುತ್ತದೆ. ಹಾಗಾಗಿ ಸಂಜೆಯಾದರೆ ನಾನು ನಡುಮನೆಯ ಬಾಗಿಲಲ್ಲಿ ರಿಮೋಟು ಹಿಡಿದು ನಿಲ್ಲಬೇಕು. ಅಜ್ಜಿ ಏರಿಸು ಎನ್ನುವಳು, ಕಾಕ ಇಳಿಸು ಎನ್ನುವನು, ಅಪ್ಪ ಇಬ್ಬರಿಗೂ ನಡುವಿನದೊಂದು ನಂಬರು ಹೇಳುವನು. ಅಡಿಗೆಮನೆಯಿಂದ ಏರಿಸು ಎಂದೋ ಇಳಿಸು ಎಂದೋ ಕೂಗು ಬರುತ್ತಿರಲಿಲ್ಲ. ಒಂದು ದಿನ ನಾನೇ ಒಳಗೆ ಹೋಗಿ ಕೇಳಿದೆ.

"ಅವ್ವಾ, ನಿನಗ ಏರಸ್ಬೇಕೇನು?"

"ಏನ್ ಏರಸ್ತೀ? ನನ್ನ ಡಬ್ಬಿ ಮಾತ ಆಡವಲ್ದು."

ಅವ್ವ ಅದನ್ನು ಅಪ್ಪನಿಗೂ ಹೇಳಿದಳು, ಸಿಟ್ಟಿನಿಂದಲ್ಲ, ನಲ್ಲಿ ಸೋರುತ್ತಿದೆ ಎಂದು ಹೇಳುವ ಹಾಗೆ. ಅಪ್ಪ ಎದ್ದು ಅಡಿಗೆಮನೆಯ ಬಾಗಿಲಿಗೆ ಬಂದು ಕಿವಿಗೊಟ್ಟ. ಅವ್ವನ ದುರ್ದೈವ, ಅದೇ ಹೊತ್ತಿಗೆ ಧಾರಾವಾಹಿಯ ಮದುವೆಯಲ್ಲಿ ಜನ ಚಪ್ಪಾಳೆ ತಟ್ಟಿದರು, ಹಲಗೆಯ ಮೇಲಿನ ಡಬ್ಬಿ ಜೋರಾಗಿ ಸದ್ದು ಮಾಡಿತು. "ಬರಕತ್ತೈತಲ್ಲ" ಎಂದು ಅಪ್ಪ ತಿರುಗಿ ಹೋದ. ಇನ್ನೊಂದು ಸಲ ಬಂದಾಗ ಸಿಡಿಲು ಹೊಡೆಯಿತು. ನನ್ನದೂ ಮಾತಾಡುವುದಿಲ್ಲ ಎಂದು ನಾನು ಹೇಳಿದೆ. ನೀನು ನಿಮ್ಮವ್ವನ ವಕೀಲಳು ಎಂದು ಕಾಕ ನಕ್ಕ. ಆದರೂ ಅಪ್ಪ ನ್ಯಾಯ ಬಿಡುವವನಲ್ಲ, ಪರೀಕ್ಷೆ ಮಾಡಿಯೇಬಿಡೋಣ ಎಂದು ಅವತ್ತು ಮುಚ್ಚಳ ಸರಿಸಲು ಕಾಕನಿಗೆ ಅಪ್ಪಣೆ ಕೊಟ್ಟ. ಅಲ್ಲಿ ಟೆಸ್ಟ್ ಎಂಬ ಗುಂಡಿಯಿತ್ತು. ಒತ್ತಿದರೆ ಪ್ರತಿ ಡಬ್ಬಿಯೂ ಸರದಿಯಂತೆ ಶ್ಶ್ ಎನ್ನಬೇಕು. ಅಪ್ಪನದು ಶ್ಶ್ ಎಂದಿತು, ಅಜ್ಜಿಯದು, ಕಾಕನದು, ನನ್ನದು, ಕೊನೆಗೆ ಅವ್ವನದೂ ಅಷ್ಟೇ ಗಟ್ಟಿಯಾಗಿ ಶ್ಶ್ ಎಂದಿತು. ಎಲ್ಲರಿಗೂ ಸಮ. ಅವ್ವ ಒಪ್ಪಲಿಲ್ಲ. ಆಗ ಅಜ್ಜಿಯ ಡಬ್ಬಿ ಬಿಚ್ಚಿ ಅಡಿಗೆಮನೆಗೆ, ಅವ್ವನದು ಅಜ್ಜಿಯ ಮಂಚಕ್ಕೆ ಹಾಕಿದರು. ಅವ್ವನ ಡಬ್ಬಿ ಅಜ್ಜಿಯ ಹತ್ತಿರ ಗಿಣಿಯ ಹಾಗೆ ಮಾತಾಡಿತು. ಅಜ್ಜಿಯದು ಅಡಿಗೆಮನೆಗೆ ಬಂದು ಬಾಯಿ ಮುಚ್ಚಿಕೊಂಡಿತು.

"ಡಬ್ಬೀದು ತಪ್ಪಿಲ್ಲ ಅಂತಾತು" ಎಂದ ಅಪ್ಪ. "ಒಲಿ ಸಪ್ಪಳದಾಗ ನಿನಗ ಕೇಳಸವಲ್ದು."

"ಒಲಿ ಆರಿಸಿ ಕುಂತೀನ್ರಿ. ಆಗೂ ಮಾತಿಲ್ಲ."

"ಎಲ್ಲಾರಿಗೂ ಒಂದೊಂದು ಕೊಟ್ಟೀನಿ. ನಿನಗ ಎಷ್ಟು ಕೊಟ್ರೂ ಕಮ್ಮೀನ."

ಅಪ್ಪ ಕೆಟ್ಟವನಲ್ಲ. ಅವನ ನ್ಯಾಯಕ್ಕೆ ಮನೆಯಲ್ಲೇ ಒಬ್ಬರು ಸಹಿ ಹಾಕುತ್ತಿಲ್ಲವಲ್ಲ ಎಂಬ ನೋವಿನಲ್ಲಿ ಅಂದುಬಿಟ್ಟ. ಅಂದದ್ದು ಅವ್ವನಿಗೆ ಚುಚ್ಚಿತು. ಅವಳು ಮರುದಿನ ಡಬ್ಬಿಯ ಮೇಲೆ ಹುಣಸೆಹಣ್ಣಿನ ಭರಣಿ ಇಟ್ಟಳು. ಡಬ್ಬಿಯ ಮಾತು ಅವಳು ಮತ್ತೆ ಎತ್ತಲಿಲ್ಲ, ಬೇರೆ ಮಾತೂ ಕಡಿಮೆಯಾಯಿತು. ಅಪ್ಪ ಕರೆದರೆ ಬರುವಳು, ಕೇಳಿದ್ದಕ್ಕೆ ಹೂಂ ಅನ್ನುವಳು. ಆ ಮೌನ ಅಪ್ಪನಿಗೆ ಬೇರೆ ಅರ್ಥ ಕೊಟ್ಟಿತು. ಇವಳಿಗೆ ನಿಜವಾಗಿಯೂ ಕಿವಿ ಮಂದವಾಗಿದೆ, ಹೇಳಿಕೊಳ್ಳಲು ನಾಚಿಕೆ ಪಡುತ್ತಿದ್ದಾಳೆ ಎಂದು ಅವನು ತೀರ್ಮಾನಿಸಿದ. ದಸರಾ ಮುಗಿದ ಮರುದಿನ ಬಳ್ಳಾರಿಗೆ ಕರೆದುಕೊಂಡು ಹೋಗಿ ಕಿವಿಯ ಡಾಕ್ಟರಿಗೆ ತೋರಿಸುವುದು ಎಂದಾಯಿತು. ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತ ಒಲೆಯ ಮೇಲಿನ ಹಾಲು ಉಕ್ಕುವ ಸದ್ದು ಹಿಡಿಯುವ ಹೆಂಗಸು ನಮ್ಮವ್ವ. ಅವಳನ್ನು ಕಿವುಡಿ ಎನ್ನುತ್ತಿದ್ದರು, ಅದೂ ಮರುಕದಿಂದ. ಅಜ್ಜಿ ಅವಳ ಜೊತೆ ಜೋರಾಗಿ ಮಾತಾಡತೊಡಗಿದಳು. ಅವ್ವ ಒಂದು ಮಧ್ಯಾಹ್ನ ಶೇಂಗಾ ಹುರಿಯುತ್ತ ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡಳು.

"ಗಿರಿಜಾ, ನಿನಗೂ ನನ್ನಂಗ ಬರೇ ಗಾಳಿ ಕೇಳಸ್ತೈತೋ, ಇಲ್ಲಾ ನನಗ ಏನರ ಆಗೈತೋ? ಖರೇ ಹೇಳು."

"ನನಗೂ ಗಾಳೀನ ಅವ್ವಾ. ಈರಣ್ಣನಾಣಿಗೂ."

ಅವಳು ಉಸಿರು ಬಿಟ್ಟಳು. ತನ್ನ ಕಿವಿಯ ಮೇಲೆ ಅವಳಿಗೇ ಅನುಮಾನ ಬಂದಿತ್ತು ಎಂಬುದು ನನಗೆ ಆಗ ತಿಳಿಯಿತು, ಅಳು ಬಂತು. ಈಗ ನಾನು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಯಾವ ಮಗುವಾದರೂ ಕೇಳಿಸುತ್ತಿಲ್ಲ ಟೀಚರ್ ಎಂದರೆ, ಮೊದಲು ಹೋಗಿ ಆ ಮಗು ಕೂತ ಬೆಂಚಿನಲ್ಲಿ ಕೂತು ನೋಡುತ್ತೇನೆ. ಜೊತೆಯ ಟೀಚರುಗಳು ಇದನ್ನು ಒಳ್ಳೆಯ ಪದ್ಧತಿ ಎನ್ನುತ್ತಾರೆ. ನಾನು ಕಲಿತದ್ದು ಹುರಿದ ಶೇಂಗಾದ ವಾಸನೆಯ ನಡುವೆ.

ಮಹಾನವಮಿಯ ದಿನ ಆಯುಧ ಪೂಜೆ. ಅಂಗಡಿಯ ತಕ್ಕಡಿ, ಹತ್ತಿ ಚೀಲ ಎತ್ತುವ ಕಬ್ಬಿಣದ ಕೊಕ್ಕೆಗಳು, ಕಾಕನ ಸ್ಕೂಟರು, ಅವ್ವನ ಈಳಿಗೆಮಣೆ, ನನ್ನ ಕಂಪಾಸು, ಎಲ್ಲಕ್ಕೂ ವಿಭೂತಿ, ಹೂವು. ಆ ವರ್ಷ ರಿಮೋಟೂ ಮಣೆಯ ಮೇಲೆ ಬಂದು ಕೂತಿತು. ಅಪ್ಪ ಅದರ ಕವರು ಬಿಚ್ಚಿ, ವಿಭೂತಿ ನೀರಿಗೆ ಅದ್ದಿದ ಮೂರು ಬೆರಳನ್ನು ಅದರ ಹಣೆಗೆ ಗಟ್ಟಿಯಾಗಿ ಎಳೆದ. ಹಣೆ ಎಂದರೆ ತುದಿಯಲ್ಲಿ ಕಪ್ಪಗೆ ಹೊಳೆಯುವ ಗಾಜಿನಂಥ ಭಾಗ, ಯಂತ್ರಕ್ಕೆ ಸಂಜ್ಞೆ ಹೋಗುವುದೇ ಅಲ್ಲಿಂದ. ವಿಭೂತಿ ಒಣಗಿ ಗೋಡೆಯ ಸುಣ್ಣದ ಹಾಗೆ ಕೂತಿತು. ಸಂಜೆ ನಾನು ಕೆಂಪು ಗುಂಡಿ ಒತ್ತಿದರೆ ಯಂತ್ರ ಕಣ್ಣು ತೆರೆಯಲಿಲ್ಲ. ಕಾಕ ಸೆಲ್ ಬದಲಾಯಿಸಿದ, ಅಂಗೈಗೆ ಬಡಿದ, ಒಲೆಯ ಕಾವಿಗೆ ಹಿಡಿದ. ಪೂಜೆಯಾದ ವಿಭೂತಿಯನ್ನು ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಅಳಿಸಬಾರದು ಎಂದು ಅಜ್ಜಿ ಎಚ್ಚರಿಸಿದಳು. ಅಳಿಸಿದರೆ ಸರಿಯಾಗುತ್ತದೆ ಎಂದು ಯಾರಿಗೂ ಹೊಳೆದೂ ಇರಲಿಲ್ಲ. ಯಂತ್ರಕ್ಕೆ ದೃಷ್ಟಿಯಾಗಿದೆ ಎಂದು ಅಪ್ಪನ ಗುಮಾನಿ.

ದಶಮಿಯ ಸಂಜೆ ಮಾರ್ಕೆಟ್ಟಿನವರು ಒಬ್ಬೊಬ್ಬರೇ ಬನ್ನಿ ಕೊಡಲು ಬಂದರು. ಪಡಸಾಲೆ ತುಂಬಿತು. ಅವ್ವ ಒಳಗೆ ಎಲ್ಲರಿಗೂ ಮಂಡಕ್ಕಿಯ ಉಗ್ಗಾಣಿ ಕಲಸುತ್ತಿದ್ದಳು. ಧಾರಾವಾಹಿಯ ಹೊತ್ತಾಯಿತು, ಬಂದವರಲ್ಲೊಬ್ಬರು ನಿಮ್ಮ ಹೈದರಾಬಾದಿನ ಯಂತ್ರ ಕೇಳಿಸಿರಿ ಎಂದರು. ಅಪ್ಪನಿಗೆ ರಿಮೋಟು ಸತ್ತಿದೆ ಎನ್ನಲು ಮರ್ಯಾದೆ ಅಡ್ಡ ಬಂತು.

"ಗಿರಿಜವ್ವಾ, ಮಿಶಿನ್ನಿಗೇ ಗುಂಡಿ ಇರಬೇಕು ನೋಡು. ಅಲ್ಲೇ ಹಚ್ಚು."

ನಾನು ಯಂತ್ರದ ಮುಂದೆ ಮಂಡಿಯೂರಿ ಕೂತೆ. ಇಷ್ಟು ದಿನ ಬಾಗಿಲಲ್ಲಿ ನಿಂತು ಒತ್ತಿದವಳು ಅದರ ಮುಖವನ್ನು ಹತ್ತಿರದಿಂದ ಕಂಡದ್ದು ಅವತ್ತೇ. ಒತ್ತಿದೆ, ನೀಲಿ ಅಕ್ಷರ ಹೊತ್ತಿಕೊಂಡವು. ಅಕ್ಷರದ ಪಕ್ಕ ಐದು ಪುಟ್ಟ ಮನೆಗಳ ಚಿತ್ರವಿತ್ತು, ಮುಂದೆ ಮೂರು, ಹಿಂದೆ ಎರಡು. ಟಿವಿಯಲ್ಲಿ ಮಾತು ನಡೆದಿತ್ತು. ಮುಂದಿನ ಮೂರು ಮನೆಗಳಲ್ಲಿ ದೀಪ ಕುಣಿಯುತ್ತಿತ್ತು, ಹಿಂದಿನ ಎರಡು ಕತ್ತಲು. ಆ ಕತ್ತಲ ಮನೆಗಳು ಯಾರವು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕೆಳಗಿದ್ದ ಒಂದು ತಿರುಗಣೆಯನ್ನು ತಿರುಗಿಸಿದೆ. ಅಕ್ಷರ ಬದಲಾಯಿತು, ಮನೆಗಳು ಹಾಗೇ. ಇನ್ನೊಂದು ಸಲ, ಮತ್ತೊಂದು ಸಲ. ಐದು ಚಾನೆಲ್ ಸ್ಟೀರಿಯೊ ಎಂಬ ಇಂಗ್ಲಿಷ್ ಅಕ್ಷರ ಬಂದದ್ದೇ ತಡ, ಐದೂ ಮನೆಗಳಲ್ಲಿ ದೀಪ ಬಂತು.

ಅಡಿಗೆಮನೆಯಿಂದ ಗಂಡಸೊಬ್ಬನ ಗಡಸು ದನಿ ಕೇಳಿತು. ಬಂದವರಿಗೆ ಅದು ವಿಶೇಷವೇನಲ್ಲ. ಅಪ್ಪ ಮಾತ್ರ ಹಿಡಿದ ಬನ್ನಿ ಎಲೆ ಹಾಗೇ ಹಿಡಿದುಕೊಂಡು ಒಳಗೆ ತಿರುಗಿ ನೋಡಿದ. ಸಾಲಾಗಿದ್ದ ಬಾಗಿಲುಗಳ ಆ ತುದಿಯಲ್ಲಿ ಅವ್ವ ಹೊಸ್ತಿಲಿಗೆ ಬಂದು ನಿಂತಿದ್ದಳು, ಕೈಯೆಲ್ಲ ಮಂಡಕ್ಕಿ. ಹೆದರಿದ್ದಳೋ ನಗುತ್ತಿದ್ದಳೋ ದೂರಕ್ಕೆ ತಿಳಿಯಲಿಲ್ಲ. ಅಪ್ಪ ಬಂದವರನ್ನು ಬಿಟ್ಟು ಎದ್ದ. ನಾನೂ ಹಿಂದೆ ಹೋದೆ. ಅವನು ಅಡಿಗೆಮನೆಯೊಳಗೆ ಕಾಲಿಟ್ಟು, ಡಬ್ಬಿಯ ಮೇಲಿನ ಹುಣಸೆಹಣ್ಣಿನ ಭರಣಿಯನ್ನು ನೋಡಿದ, ಎತ್ತಿ ಕೆಳಗಿಟ್ಟ. ಡಬ್ಬಿ ಸ್ಪಷ್ಟವಾಗಿ ಮಾತಾಡುತ್ತಿತ್ತು.

"ಏನ್ ಮಾಡಿದಿ?" ಎಂದು ನನ್ನನ್ನು ಕೇಳಿದ.

ಹೇಳಿದೆ. ಮುಂದಿನವರಿಗೆ ಮಾತು, ಹಾಡು, ಹಿಂದಿನವರಿಗೆ ಗಾಳಿ, ಅದನ್ನು ಎಲ್ಲರಿಗೂ ಎಲ್ಲ ಎಂದು ಬದಲಾಯಿಸಿದೆ ಎಂದೆ. ಅಪ್ಪ ಡಬ್ಬಿಯ ಕಡೆ ನೋಡಿದ.

"ಮೊದಲಿನಂಗ ಮಾಡು, ಹೋಗು."

ನಾನು ಹೋಗಿ ತಿರುಗಣೆ ಹಿಂದಕ್ಕೆ ತಿರುಗಿಸಿ ಬಂದೆ. ಅಪ್ಪ ಅವ್ವ ಕೂರುವ ಮಣೆಯ ಮೇಲೆ ಕೂತಿದ್ದ. ಅವನನ್ನು ನಾನು ಅಲ್ಲಿ ಕಂಡದ್ದು ಅದೇ ಮೊದಲು. ಹಲಗೆಯ ಮೇಲಿನ ಡಬ್ಬಿ ಮೌನವಾಗಿತ್ತು. ಪಡಸಾಲೆಯಲ್ಲಿ ಧಾರಾವಾಹಿ ನೋಡುತ್ತಿದ್ದವರು ಏನೋ 'ಹೋ' ಎಂದು ನಕ್ಕರು. ಅಪ್ಪ ತಲೆಯೆತ್ತಿದ, ಯಾಕೆ ನಕ್ಕರೆಂದು ಅವನಿಗೆ ತಿಳಿಯಲಿಲ್ಲ. ಮತ್ತೆ ನಕ್ಕರು. ಡಬ್ಬಿಯಲ್ಲಿ ಗಾಳಿ ಬೀಸಿ ನಿಂತಿತು. ಎಲ್ಲೋ ಒಂದು ಗೆಜ್ಜೆ ಸದ್ದು. ಉಗ್ಗಾಣಿ ತಣ್ಣಗಾಗುತ್ತಿತ್ತು, ಅವ್ವ ಬಡಿಸಲು ಹೋಗಲಿಲ್ಲ, ಅವನೂ ಹೋಗು ಎನ್ನಲಿಲ್ಲ. ಜಾಹೀರಾತು ಬರುವವರೆಗೂ ಅವನು ಹಾಗೇ ಕೂತು ಕೇಳಿದ.

"ಇಷ್ಟು ದಿನ ಇದನ್ನ ಕೇಳಿಯೇನು?"

"ಹೂಂರಿ."

ಹೇಳಬಾರದಾಗಿತ್ತೇನು ಎನ್ನಲು ಬಾಯಿ ತೆಗೆದವನು ಅಲ್ಲೇ ನುಂಗಿಕೊಂಡ. ನನಗೆ ಕಾಣುವ ಹಾಗೆ ನುಂಗಿಕೊಂಡ. ಅವನ ಕೈಯಲ್ಲಿ ಬನ್ನಿ ಎಲೆ ಇನ್ನೂ ಇತ್ತು. ಅದನ್ನು ಅವ್ವನಿಗೆ ಕೊಡಲು ಹೋದರೆ ಅವಳ ಕೈ ತುಂಬ ಮಂಡಕ್ಕಿ, ಕೊನೆಗೆ ಡಬ್ಬಿಯ ಮೇಲೆ ಇಟ್ಟ.

"ಬಳ್ಳಾರಿ ಬ್ಯಾಡ" ಎಂದ. "ನಿನ್ನ ಕಿವಿ ಚಂದ ಅದಾವ."

"ನನ್ನ ಕಿವಿ ಮೊದಲಿಂದ ಚಂದ ಅದಾವ್ರಿ. ನಾ ಹೇಳಿದ್ದು ನಿಮಗ ಕೇಳಸ್ಲಿಲ್ಲ."

ಅಪ್ಪ ಮಣೆಯಿಂದ ಎದ್ದ. ಬಂದವರಿಗೆ ಉಗ್ಗಾಣಿಯ ತಟ್ಟೆಗಳನ್ನು ತಾನೇ ಎತ್ತಿಕೊಂಡು ಹೋದ. ಅವರು ಹೋದ ಮೇಲೆ ನಾವು ಊಟಕ್ಕೆ ಕೂತಾಗ ಸಾಲಿನಲ್ಲಿ ಇನ್ನೊಂದು ತಟ್ಟೆ ಹಾಕಿ, ಅವ್ವ ಬಂದು ಕೂರುವವರೆಗೆ ರೊಟ್ಟಿ ಮುರಿಯಲಿಲ್ಲ. ಬಡಿಸುವವರು ಯಾರು ಎಂದು ಅಜ್ಜಿ ಕೇಳಿದಳು. ಪಾತ್ರೆಗಳನ್ನೆಲ್ಲ ನಡುವೆ ಇಟ್ಟುಕೊಂಡೆವು. ಕಾಕ ಅವತ್ತು ಯಾವ ತಮಾಷೆಯನ್ನೂ ಮಾಡಲಿಲ್ಲ, ಪಲ್ಯದ ಪಾತ್ರೆಯನ್ನು ಮೊದಲು ಅತ್ತಿಗೆಯ ಕಡೆಗೆ ಸರಿಸಿದ.

ಊಟವಾದ ಮೇಲೆ ಅಪ್ಪ ತನ್ನ ಹೆಗಲ ಶಲ್ಯದಿಂದ ರಿಮೋಟಿನ ಹಣೆ ಒರೆಸಿದ. ಬನ್ನಿ ಆಗಿತ್ತು, ಇನ್ನು ಪಾಪವಿಲ್ಲ. ನಾನು ಸುಮ್ಮನೆ ಒತ್ತಿ ನೋಡಿದೆ, ಯಂತ್ರ ಕಣ್ಣು ತೆರೆಯಿತು. ಅಲ್ಲಿಂದ ಈಚೆಗೆ ನಮ್ಮ ಮನೆತನದಲ್ಲಿ ರಿಮೋಟಿಗೆ ವಿಭೂತಿ ಬೆನ್ನಿಗೆ. ಈಗಲೂ ನನ್ನ ಮನೆಯಲ್ಲಿ ಹಾಗೇ ಹಚ್ಚುತ್ತೇನೆ, ಅತ್ತೆ ಇದು ಯಾವ ಊರಿನ ಪದ್ಧತಿ ಎಂದು ಕೇಳುತ್ತಾರೆ.

ಎಲ್ಲರಿಗೂ ಎಲ್ಲ ಎಂದು ಇಟ್ಟ ಮೇಲೆ ಎಲ್ಲ ಸರಿಹೋಯಿತು ಎಂದುಕೊಂಡಿರೇನು? ಅಜ್ಜಿ ಮರುದಿನವೇ ಎದ್ದು ಕೂತಳು.

"ಮಾತಿನ ಮ್ಯಾಲೆ ವಾಲಗ ಬಂದು ಕುಂತೈತಿ. ನನಗ ಒಂದೂ ತಿಳೀವಲ್ದು. ನನ್ನ ಡಬ್ಬಿ ನನಗ ಮೊದಲಿನಂಗ ಮಾಡಿ ಕೊಡ್ರಿ."

ಅಪ್ಪ ತಲೆಗೆ ಕೈ ಕೊಟ್ಟು ಕೂತ. ಅಜ್ಜಿಗೆ ಮಾತು ಬೇಕೆಂದರೆ ಅವ್ವನಿಗೆ ಗಾಳಿ. ಅವ್ವನಿಗೆ ಮಾತೆಂದರೆ ಅಜ್ಜಿಗೆ ಗದ್ದಲ. ಊರಿನ ಪಾಲು ಬಿಡಿಸುವವನಿಗೆ ಇದು ಬಿಡಿಸಲಾಗಲಿಲ್ಲ. ಕೊನೆಗೆ ಅವನು ಜಗಲಿಯ ಮೇಲಿನ ರಿಮೋಟನ್ನು ತೆಗೆದುಕೊಂಡು ಹೋಗಿ ಅಡಿಗೆಮನೆಯಲ್ಲಿ ಬೇಳೆ ಡಬ್ಬಿಗಳ ನಡುವೆ ಇಟ್ಟ. "ಇದು ನಿನ್ನ ಹತ್ರ ಇರ್ಲಿ, ನೀ ಹೆಂಗ ಅಂತೀಯೋ ಹಂಗ" ಎಂದ. ನಾನು ಮುಚ್ಚಳ ಸರಿಸಿ, ಬದಲಾಯಿಸುವ ಗುಂಡಿ ಯಾವುದೆಂದು ಅವ್ವನಿಗೆ ತೋರಿಸಿ, ಅದರ ಮೇಲೆ ಉಗುರುಬಣ್ಣದ ಚುಕ್ಕೆ ಇಟ್ಟೆ. ನಾಲ್ಕು ದಿನಕ್ಕೆ ಅದು ಅರಿಶಿನ ಹತ್ತಿ ಹಳದಿಯಾಯಿತು. ಅವ್ವ ಹೊಸ್ತಿಲ ಮೇಲೆ ನಿಂತು ಕೈ ಚಾಚಿದರೆ ಸಾಕು, ಬಾಗಿಲುಗಳು ಸಾಲಾಗಿದ್ದುದರಿಂದ ಪಡಸಾಲೆಯ ಯಂತ್ರ ಮಾತು ಕೇಳುತ್ತಿತ್ತು. ಅಪ್ಪ ಮಾತ್ರ ಅಂದಿನಿಂದ ದಿನಾ ಸಂಜೆ ಗಾದಿಯ ಮೇಲಿಂದ ಒಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡ, ಕೇಳಸ್ತೈತೇನು ಎಂದು.

ಒಂದು ಸಂಜೆ ನಾನು ಅಡಿಗೆಮನೆಯಲ್ಲೇ ಕೂತು ಲೆಕ್ಕ ಬಿಡಿಸುತ್ತಿದ್ದೆ. ಧಾರಾವಾಹಿ ಶುರುವಾಯಿತು. ಅವ್ವ ಹಿಟ್ಟಿನ ಕೈಯಲ್ಲೇ ರಿಮೋಟು ಹಿಡಿದು, ಹೊಸ್ತಿಲಿಗೆ ಹೋಗಿ, ಹಳದಿ ಚುಕ್ಕೆಯನ್ನು ಒತ್ತಿ ಬಂದಳು. ಡಬ್ಬಿಯ ಮಾತು ನಿಂತಿತು. ನಡುಮನೆಯಲ್ಲಿ ಅಜ್ಜಿಯ ಡಬ್ಬಿ ಸ್ಪಷ್ಟವಾಯಿತು, ಅವಳು ಸಮಾಧಾನದಿಂದ ಕೆಮ್ಮಿದ್ದು ಕೇಳಿಸಿತು. ನಮ್ಮ ಹಲಗೆಯ ಮೇಲೆ ಗಾಳಿ ಎದ್ದಿತು, ಆಮೇಲೆ ಮಳೆ.

"ಅವ್ವಾ, ನಿನ್ನ ಮಾತು ಹೋತಲ್ಲ."

"ಹೋಗ್ಲಿ ಬಿಡು. ನಿಮ್ಮಜ್ಜಿಗಿ ಅದು ಬೇಕು. ಅದರಾಗ ಇರೋದು ಬರೇ ಒಬ್ರ ಮ್ಯಾಲೆ ಒಬ್ರು ಚಾಡಿ. ಅದಕ್ಕಿಂತ ನಾ ಕಟ್ಟಿದ ಕಥೀನ ಚಲೋ ಇತ್ತು." ರೊಟ್ಟಿ ತಿರುವಿ ಹಾಕಿ ಡಬ್ಬಿಯ ಕಡೆ ಕಿವಿ ಕೊಟ್ಟಳು. "ನೋಡು, ಸಣ್ಣ ಸೊಸಿ ಹೊಂಟ್ಲು. ಈ ಸಲ ಬರಂಗಿಲ್ಲ ಆಕಿ."

ಪಡಸಾಲೆಯಿಂದ ಅಪ್ಪನ ದನಿ ಬಂತು.

"ಕೇಳಸ್ತೈತೇನು?"

"ಹೂಂರಿ" ಎಂದಳು ಅವ್ವ, ಡಬ್ಬಿಯಲ್ಲಿ ಮಳೆ ಸುರಿಯುತ್ತಿರುವಾಗ. "ಎಲ್ಲಾ ಕೇಳಸ್ತೈತಿ."

"ಚಲೋ ಆತು" ಎಂದ ಅಪ್ಪ. ಬಾಗಿಲಿಗೆ ಬಂದು ಕಿವಿಗೊಡಲಿಲ್ಲ, ಟೆಸ್ಟ್ ಗುಂಡಿ ಒತ್ತಿಸಲಿಲ್ಲ. ಅವ್ವ ಹೇಳಿದ್ದಳು, ಅವನಿಗೆ ಅಷ್ಟು ಸಾಕಾಯಿತು.